ಓಣಿ ಲೈಟಿಂಗ್ ಫೋಟೋ: ಕ್ಯಾಮೆರಾ ತಿರುಗಿಸೋದಾ, ಝೂಮ್ ಎಳೆಯೋದಾ, ಟಾರ್ಚ್ ಹಿಡಿಯೋದಾ?

ದೀಪಾವಳಿ, ಕ್ರಿಸ್ಮಸ್, ಈದ್ ಮಿಲಾದ್, ಅಂಬೇಡ್ಕರ್ ಜಯಂತಿ, ಯಾವ್ದೇ ಹಬ್ಬ ಇರ್ಲಿ ನಮ್ಮ ಕಲಬುರಗಿ ಬೀದರ್ ಕಡಿ ಓಣಿ ಓಣಿಯಾಗ ಲೈಟಿನ ಸರ ಇಳಿಬಿಡ್ತಾರ, ಮತ್ತ ಎಲ್ಲಾರೂ ಮೊಬೈಲ್ ತೆಗೆದು ಒಂದೇ ನಮೂನಿ ಫೋಟೋ ಹೊಡಿತಾರ. ಆ ಫೋಟೋದಾಗ ಲೈಟ್ ಅದ ಅನ್ನೋದು ಗೊತ್ತಾಗ್ತದ, ಆದ್ರ ಆ ಹೊತ್ತಿನ ಝಗಮಗ ಇರಂಗಿಲ್ಲ. ಲೈಟ್ ಪೇಂಟಿಂಗ್ ಬ್ಯಾರೆ. ಶಟರ್, ಅಂದ್ರ ಕ್ಯಾಮೆರಾದೊಳಗ ಬೆಳಕು ಬಿಡೋ ಬಾಗಿಲು, ಒಂದೆರಡು ಸೆಕೆಂಡೋ ಅರ್ಧ ನಿಮಿಷವೋ ತೆಗೆದೇ ಇಟ್ಟು, ಆ ಹೊತ್ತಿನಾಗ ಕ್ಯಾಮೆರಾನ್ನ ಅಲ್ಲಾಡಿಸಿ ಇಲ್ಲಾ ಕೈಯಾಗ ಒಂದು ಬೆಳಕು ಹಿಡ್ಕೊಂಡು ಓಡಾಡಿ ಚಿತ್ರ ಬರೆಯೋದು. ಇದ್ರಾಗ ನಾಕು ದಾರಿ ಅವ, ಕ್ಯಾಮೆರಾ ತಿರುಗಿಸೋದು, ಝೂಮ್ ಎಳೆಯೋದು, ಟಾರ್ಚ್ ಹಾಯಿಸೋದು, ಗಾಳಿಯಾಗ ಬರೆಯೋದು. ಯಾವ್ದು ಆರಿಸ್ಬೇಕು ಅಂತ ಕೇಳೋರು ಮೊದ್ಲ ಕೇಳೋದು ಯಾವ ಕ್ಯಾಮೆರಾ ತಗೊಳ್ಲಿ ಅಂತ. ನನ್ನ ಪ್ರಕಾರ ಕ್ಯಾಮೆರಾದ ಮಾತು ಕೊನಿಗಿ ಇಟ್ಕೊಳ್ರಿ. ಎದುರಿಗಿರೋ ಮನಿಗಿ ಎಂಥಾ ಸರ ಹಾಕ್ಯಾರ, ಅದ್ರ ಸುತ್ತ ಕತ್ತಲ ಎಷ್ಟದ, ಇವೆರಡು ನೋಡಿದ್ರ ದಾರಿ ತಾನೇ ಗೊತ್ತಾಗ್ತದ.

ಮೊದ್ಲ ಸರ ನೋಡ್ರಿ

ಇದನ್ನ ಭಾಳ ಮಂದಿ ನೋಡೋದೇ ಇಲ್ಲ, ಅದಕ್ಕ ಜರಾ ಉದ್ದಕ ಹೇಳ್ತೀನಿ. ನಮ್ಮ ಮನಿ ಕರೆಂಟು ಸೆಕೆಂಡಿಗಿ 50 ಸಲ ಹಿಂದ ಮುಂದ ಹೊಳ್ಳೋ ಕರೆಂಟು. ಬಜಾರದಾಗ ಸಿಗೋ ಅಗ್ಗದ ಎಲ್ಇಡಿ ಸರ ಸೀದಾ ಪ್ಲಗ್ಗಿಗಿ ಹಾಕೋದು ಇರ್ತದಲ್ಲ, ಅದು ಆ ಕರೆಂಟಿನ ತಾಳಕ್ಕ ತಕ್ಕಂಗ ಹತ್ತಿ ಆರಿ ಮಾಡ್ತದ, ಒಳಗಿನ ವೈರಿಂಗ್ ಮ್ಯಾಲ ಸೆಕೆಂಡಿಗಿ 50 ಸಲ ಇಲ್ಲಾ 100 ಸಲ. ಕಣ್ಣಿಗಿ ಕಾಣಂಗಿಲ್ಲ. ಆದ್ರ ಶಟರ್ ತೆಗೆದಿಟ್ಟು ಕ್ಯಾಮೆರಾ ತಿರುಗಿಸಿದ್ರ ಒಂದೊಂದು ಬಲ್ಬಿಂದು ಗೆರಿ ಬರೋ ಬದ್ಲಿ ಚುಕ್ಕಿ ಚುಕ್ಕಿ ಬರ್ತದ, ಮುತ್ತು ಪೋಣಿಸಿಟ್ಟಂಗ. ಅದೇ ಹಳೀ ಕಾಲದ ಸಣ್ಣ ತಂತಿ ಬಲ್ಬಿನ ಸರ ಇನ್ನೂ ಯಾರರ ಮನ್ಯಾಗ ಇದ್ರ ಅದ್ರ ಗೆರಿ ಭಾಳ ಮೆತ್ತಗ ಬರ್ತದ, ಯಾಕಂದ್ರ ಒಳಗಿನ ತಂತಿ ಕಾದಿರ್ತದ, ಅಷ್ಟರೊಳಗ ಆರಂಗೇ ಇಲ್ಲ. ಯುಎಸ್‌ಬಿ ಮ್ಯಾಲ ಇಲ್ಲಾ ಸೆಲ್ಲಿನ ಮ್ಯಾಲ ನಡಿಯೋ ಸರ ಒಂದೇ ಸವನ ಹತ್ತಿದ್ರ ಪೂರಾ ಗೆರಿ ಕೊಡ್ತದ, ಹಗೂರಕ ಮಂಕಾಗಿ ಹಗೂರಕ ಹೊಳಿಯೋ ನಮೂನಿ ಇಟ್ಟಿದ್ರ ಅಲ್ಲಿನೂ ತುಂಡು ತುಂಡು ಆಗ್ತದ. ಹಣತಿ ಬೆಳಕಂತೂ ಯಾವಾಗ್ಲೂ ಪೂರಾ ಗೆರಿನೇ.

ಚುಕ್ಕಿ ಬಂದ್ರ ಫೋಟೋ ಕೆಟ್ಟಂಗ ಅಂತ ತಿಳ್ಕೋಬ್ಯಾಡ್ರಿ. 1910ರ ದಶಕದಾಗ ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ಗಂಡ ಹೆಂಡ್ತಿ ಕಾರ್ಖಾನಿ ಕೆಲಸಗಾರರ ಕೈಗಿ ಸಣ್ಣ ಬಲ್ಬ್ ಕಟ್ಟಿ, ಅದು ಬೇಕಂತಲೇ ಹತ್ತಿ ಆರೋ ಹಂಗ ಮಾಡಿ ಫೋಟೋ ತೆಗಿತಿದ್ರು. ಬಂದ ಚುಕ್ಕಿಯಿಂದ ಕೈ ಎಲ್ಲಿ ಜೋರು ಹೋಯ್ತು, ಎಲ್ಲಿ ನಿಧಾನ ಆಯ್ತು ಅಂತ ಲೆಕ್ಕ ಹಾಕ್ತಿದ್ರು. ನಿಮ್ಮ ಓಣಿ ಎಲ್ಇಡಿ ಸರ ಅದೇ ಕೆಲಸ ಪುಕ್ಕಟೆ ಮಾಡಿಕೊಡ್ತದ, ಕ್ಯಾಮೆರಾ ಜೋರು ತಿರುಗಿಸಿದ ಕಡಿ ಚುಕ್ಕಿ ದೂರ ದೂರ, ನಿಧಾನ ತಿರುಗಿಸಿದ ಕಡಿ ಒತ್ತೊತ್ತು. ಅಂದ್ರ ತಿರುಗಿಸೋ ವೇಗ ಬದಲು ಮಾಡಿ ಚಿತ್ರದೊಳಗ ಒಂದು ಲಯ ತರಬಹುದು. ಗೆರಿನೇ ಬೇಕಂದ್ರ ಮಾತ್ರ ಇಂಥ ಸರದ ಮನಿ ಬಿಟ್ಟು ಮುಂದ ನಡಿಬೇಕು. ನೋಡ್ಲಾಕ ಸುಲಭ ಉಪಾಯ, ಮೊಬೈಲಿನ ಪ್ರೋ ಮೋಡ್‌ನಾಗ, ಅಂದ್ರ ಶಟರ್ ಐಎಸ್ಓ ಎಲ್ಲ ನಾವೇ ಇಡೋ ಮೋಡ್‌ನಾಗ, ಶಟರ್ ಅರ್ಧ ಸೆಕೆಂಡ್ ಇಟ್ಟು ಸರದ ಕಡಿ ಹಿಡಿದು ಕೈ ಝಾಡಿಸ್ರಿ, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರ ಗೆರಿನಾ ಚುಕ್ಕಿನಾ ತಿಳಿತದ.

ಕತ್ತಲ ಎಷ್ಟದ

ಎರಡನೇದು ಇದು. ಈಗ ಓಣಿ ಓಣಿಯಾಗ ಬೀದಿದೀಪ ಎಲ್ಇಡಿ ಆಗ್ಯಾವ, ಭಾಳ ಬೆಳ್ಳಗ, ಭಾಳ ಜೋರು. ಅದ್ರ ಕೆಳಗ 30 ಸೆಕೆಂಡ್ ಶಟರ್ ತೆಗೆದಿಟ್ರ ರಸ್ತೆ ಹಗಲಿನಂಗ ಬೆಳ್ಳಗಾಗಿ ಕೂಡ್ತದ, ನೀವು ಟಾರ್ಚ್ ಹಿಡಿದು ಎಷ್ಟು ಓಡಾಡಿದ್ರೂ ಏನೂ ಕಾಣಂಗಿಲ್ಲ. ಹಂಗಾಗಿ ಬೀದಿದೀಪ ಜೋರಿರೋ ಕಡಿ ಒಂದೆರಡು ಸೆಕೆಂಡಿನ ಕೆಲಸ ಮಾತ್ರ ಇಟ್ಕೊಳ್ರಿ, ಕ್ಯಾಮೆರಾ ತಿರುಗಿಸೋದು, ಝೂಮ್ ಎಳೆಯೋದು. ಬೀದಿದೀಪ ಇಲ್ಲದ ಓಣಿ, ಹಳ್ಳಿ ಮನಿ, ಊರ ಹೊರಗಿನ ಹೊಸ ಲೇಔಟು, ಇಂಥಲ್ಲಿ ಟಾರ್ಚ್ ಹಿಡೀರಿ. ಯಾದಗಿರಿ ಜಿಲ್ಲೆ ಸಣ್ಣ ಊರಾಗಿರೋರಿಗಿ ಈ ವಿಷಯದಾಗ ಕಲಬುರಗಿ ಸಿಟಿಯವ್ರಿಗಿಂತ ಹೆಚ್ಚು ಅನುಕೂಲ ಅದ, ಖರೆ ಹೇಳ್ತೀನಿ, ಕತ್ತಲ ಇರೋದು ಇಲ್ಲಿ ಆಸ್ತಿ.

ತಿರುಗಿಸೋದು ಮತ್ತ ಝೂಮ್

ಇವೆರಡೂ ಅಣ್ಣ ತಮ್ಮ ಇದ್ದಂಗ, ಎರಡರಾಗೂ ಮನಿ ಅಲ್ಲಾಡಂಗಿಲ್ಲ, ಒಂದರಾಗ ಕ್ಯಾಮೆರಾ ತಿರುಗ್ತದ, ಇನ್ನೊಂದರಾಗ ಶಟರ್ ತೆಗೆದಿರೋವಾಗ ಲೆನ್ಸಿನ ಝೂಮ್ ಉಂಗುರ ತಿರುಗ್ತದ. ಐಎಸ್ಓ (ಕ್ಯಾಮೆರಾ ಬೆಳಕಿಗಿ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100, ಎಫ್ 8 ಇಲ್ಲಾ ಎಫ್ 11, ಶಟರ್ 1ರಿಂದ 4 ಸೆಕೆಂಡ್, ಇಲ್ಲಿಂದ ಶುರು ಮಾಡ್ರಿ, ಬೆಳಕು ಹೆಚ್ಚಾದ್ರ ಎಫ್ ನಂಬರ್ ಏರಿಸ್ರಿ, ಅದು ಏರಿದಷ್ಟು ಲೆನ್ಸಿನ ಬಾಯಿ ಸಣ್ಣದಾಗ್ತದ. ಬರೇ ಒಂದೇ ಸವನ ತಿರುಗಿಸಿದ್ರ ಬಣ್ಣದ ಗೆರಿ ಅಷ್ಟೇ ಉಳಿತಾವ, ಮನಿ ಹೋಗಿಬಿಡ್ತದ, ನೋಡಿದೋರಿಗಿ ಇದು ಹಬ್ಬದ್ದೋ ಟ್ರಾಫಿಕ್‌ದೋ ತಿಳಿಯಂಗಿಲ್ಲ. ಅದಕ್ಕ 4 ಸೆಕೆಂಡಿನ ಶಟರ್ ಅಂದ್ರ ಮೊದಲಿನ 2 ಸೆಕೆಂಡ್ ಟ್ರೈಪಾಡ್ ಮ್ಯಾಲ ಗಪ್ ಇರ್ಲಿ, ಮನಿ ಬಾಗಿಲು ಕಂಬ ತುಳಸಿಕಟ್ಟಿ ಎಲ್ಲ ಕೂಡ್ಲಿ, ಆಮ್ಯಾಲ ಟ್ರೈಪಾಡಿನ ತಿರುಪು ಸಡ್ಲ ಮಾಡಿ ಹಗೂರಕ ತಿರುಗಿಸ್ರಿ. ಆಗ ಮನಿನೂ ಇರ್ತದ, ಅದ್ರಿಂದ ಹೊಂಟ ಗೆರಿನೂ ಇರ್ತಾವ.

ಯಾವ್ದು ಯಾವಾಗ ಅಂದ್ರ, ಲೈಟ್ ಉದ್ದಕ ಸಾಲಾಗಿದ್ರ, ಅಂದ್ರ ಕಾಂಪೌಂಡ್ ಮ್ಯಾಲ ಹಾಸಿದ ಸರ, ರಸ್ತೆ ಅಡ್ಡ ಕಟ್ಟಿದ ತೋರಣದ ಲೈಟು, ಅಲ್ಲಿ ತಿರುಗಿಸೋದು ಛಲೋ, ಮ್ಯಾಲಿಂದ ಕೆಳಗ ಎಳದ್ರ ಬೆಳಕಿನ ಪರದಾ ಇಳಿಬಿಟ್ಟಂಗ ಕಾಣ್ತದ. ಸರ ಹೋದ ದಿಕ್ಕಿನಾಗೇ ಕ್ಯಾಮೆರಾ ಎಳೀಬ್ಯಾಡ್ರಿ, ಎಲ್ಲ ಗೆರಿ ಒಂದರ ಮ್ಯಾಲ ಒಂದು ಬಿದ್ದು ದಪ್ಪನ ಪಟ್ಟಿ ಒಂದೇ ಆಗ್ತದ, ಅಡ್ಡ ಎಳೀರಿ. ನಡುವ ಒಂದು ವಸ್ತು ಇದ್ದು ಸುತ್ತ ಲೈಟ್ ಇದ್ರ ಝೂಮ್ ಎಳೀರಿ, ಯಾಕಂದ್ರ ಝೂಮಿನ ಗೆರಿ ಎಲ್ಲ ನಡುವಿನಿಂದನೇ ಹೊರಗ ಚಿಮ್ಮತಾವ, ನಡುವ ಏನಿಲ್ಲಂದ್ರ ನೋಡೋ ಕಣ್ಣಿಗಿ ನಿಲ್ಲಾಕ ಜಾಗ ಸಿಗಂಗಿಲ್ಲ. ಬಾಗಿಲ ಮುಂದಿನ ಆಕಾಶಬುಟ್ಟಿ ಇದಕ್ಕ ಹೇಳಿ ಮಾಡಿಸಿದ್ದು. ಬೀದರದಾಗ ಇದ್ರ ಹಳೇ ಊರಿನ ಚೌಬಾರಾ ನೋಡ್ರಿ, ಗುಂಡನೆ ಗೋಪುರ, ರಸ್ತೆ ಕೂಡೋ ಜಾಗದಾಗ ನಿಂತದ, ಹಬ್ಬದ ಹೊತ್ತಿನಾಗ ಬಾಜು ಅಂಗಡಿ ಲೈಟು ಗಾಡಿ ಲೈಟು ಎಲ್ಲ ಅದ್ರ ಸುತ್ತ ಬರ್ತಾವ. ಅದನ್ನ ಫ್ರೇಮಿನ ನಟ್ಟನಡುವ ಇಟ್ಟು ಝೂಮ್ ಎಳೆದ್ರ ಬರೋ ಚಿತ್ರ ತಿರುಗಿಸಿದ್ರ ಬರಂಗಿಲ್ಲ. ಕ್ಯಾಮೆರಾ ಜೋಡಿ ಬರೋ 18-55 ಲೆನ್ಸೇ ಸಾಕು, ಹೊಸದು ತಗೋಳೋದು ಬ್ಯಾಡ. ಮೊಬೈಲಿನಾಗ ಝೂಮಿನ ಈ ಕೆಲಸ ಆಗಂಗಿಲ್ಲ, ಬಹುತೇಕ ಫೋನಿನಾಗ ಶಟರ್ ತೆಗೆದಿರೋವಾಗ ಝೂಮ್ ಬದಲಾಗಂಗಿಲ್ಲ, ಮೊಬೈಲಿನೋರು ತಿರುಗಿಸೋದೇ ಹಿಡೀರಿ.

ಟಾರ್ಚ್ ಹಿಡಿದು ಬಣ್ಣ ಹಚ್ಚೋದು

ನನಗ ಎಲ್ಲಕ್ಕಿಂತ ಸೇರೋದು ಇದು. ನಮ್ಮ ಕಡಿ ಮನಿ ಗೋಡಿ ನೋಡಿದ್ರ ಬ್ಯಾರೆ ಊರಿನೋರಿಗಿ ಹೊಟ್ಟಿಕಿಚ್ಚು ಆಗ್ಬೇಕು. ಲೈಟಿನ ಸರ ಬರೇ ತನ್ನನ್ನ ತೋರಿಸ್ಕೋತದ, ಗೋಡಿ ಕತ್ತಲ ಉಳಿತದ. ಬೀದರದ ಕೆಂಪು ಮುರಕಲ್ಲಿನ ಹಳೇ ಗೋಡಿ ಮ್ಯಾಲ ಹಳದಿ ಟಾರ್ಚ್ ಬಾಜೂದಿಂದ ಹಾಯಿಸಿದ್ರ ಕಲ್ಲಿನ ಒಂದೊಂದು ತೂತು, ಒಂದೊಂದು ಉಬ್ಬು ಎದ್ದು ಬರ್ತದ. ಕಲಬುರಗಿ ಕಡಿ ಅಂಗಳಕ್ಕ ಹಾಸಿರೋ ಶಹಾಬಾದ್ ಫರ್ಸಿ ಇರ್ತದ, ಬೂದಿ ನೀಲಿ ಬಣ್ಣದ್ದು, ಒಣಗಿದ್ರ ಸಪ್ಪಗ ಕಾಣ್ತದ. ಒಂದು ಕೊಡ ನೀರು ಹಾಕ್ರಿ ಅದಕ್ಕ, ಮ್ಯಾಲಿನ ಸರ ಪೂರಾ ಕೆಳಗ ಮೂಡ್ತದ, ಅರ್ಧ ಲೈಟಿಂಗ್ ಪುಕ್ಕಟೆ ಸಿಕ್ಕಂಗ. ರಂಗೋಲಿ ಹಾಕಿದ ಜಾಗ ಮಾತ್ರ ಬಿಟ್ಟು ಹಾಕ್ರಿ.

ಇದ್ರಾಗ ಇರೋ ದೊಡ್ಡ ತೊಂದ್ರಿ ಅಂದ್ರ ಗೋಡಿಗಿ ಟಾರ್ಚ್ ಹಾಯಿಸ್ಲಾಕ 20-30 ಸೆಕೆಂಡ್ ಬೇಕು, ಅಷ್ಟೊತ್ತು ಸರ ಹತ್ತಿದ್ರ ಬಲ್ಬೆಲ್ಲ ಬೆಳ್ಳಗ ಹೊಡೆದು ಬಣ್ಣನೇ ಹೋಗ್ತದ. ಹಂಗಾಗಿ ಮನಿಯವ್ರನ್ನ ಜೋಡಿ ತಗೊಳ್ರಿ. "ಅಕ್ಕಾವ್ರೇ, ಜರಾ ಸ್ವಿಚ್ ಹತ್ರ ನಿಲ್ತೀರೇನ್ರಿ, ನಾ ಹೂಂ ಅಂದಾಗ ಆರಿಸ್ರಿ" ಅಂತ ಕೇಳಿದ್ರ ಹಬ್ಬದ ದಿನ ಬ್ಯಾಡ ಅನ್ನೋರು ಕಮ್ಮಿ, ಹುಡುಗ್ರಂತೂ ನಾ ನಿಲ್ತೀನಿ ನಾ ನಿಲ್ತೀನಿ ಅಂತ ಓಡಿ ಬರ್ತಾವ. ಶಟರ್ ತೆಗೀರಿ, ಮೊದಲಿನ 3-4 ಸೆಕೆಂಡ್ ಸರ ಹತ್ತಿರ್ಲಿ, ಆಮ್ಯಾಲ ಸ್ವಿಚ್ ಆಫ್, ಉಳಿದ 25 ಸೆಕೆಂಡ್ ಕತ್ತಲದಾಗ ಗೋಡಿ, ಬಾಗಿಲು, ತೆಂಗಿನಗಿಡ ಎಲ್ಲದಕ್ಕೂ ಟಾರ್ಚ್ ಹಾಯಿಸ್ರಿ. ಒಂದೇ ಫ್ರೇಮಿನಾಗ ಎರಡೂ ಬರಾಬರ್ ಕೂಡ್ತಾವ. ಸ್ವಿಚ್ ಸಿಗಲಿಲ್ಲಂದ್ರ ಟ್ರೈಪಾಡ್ ಅಲ್ಲಾಡಿಸ್ದೆ ಎರಡು ಫೋಟೋ ಹೊಡೀರಿ, ಒಂದು ಸರಕ್ಕ, ಇನ್ನೊಂದು ಟಾರ್ಚಿಗಿ, ಮೊಬೈಲಿನ ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ಆ್ಯಪಿನ ಡಬಲ್ ಎಕ್ಸ್‌ಪೋಶರ್‌ನಾಗ ಲೈಟನ್ ಆರಿಸಿ ಕೂಡಿಸಬಹುದು. ಆದ್ರ ಎರಡನೇ ಫೋಟೋದಾಗೂ ಸರ ಹತ್ತೇ ಇರ್ತದಲ್ಲ, ಬಲ್ಬಿನ ಸುತ್ತ ಬೆಳ್ಳನ ಕಲೆ ಉಳಿತಾವ, ಸ್ವಿಚ್ಚಿನ ದಾರಿ ಇದ್ದಷ್ಟು ಸ್ವಚ್ಛ ಬರಂಗಿಲ್ಲ.

ಟಾರ್ಚ್ ಹಿಡಿಯೋದ್ರಾಗ ಒಂದೆರಡು ಮಾತು. ಕ್ಯಾಮೆರಾ ಹಿಂದಿನಿಂದ ಹಾಯಿಸಬ್ಯಾಡ್ರಿ, ಫ್ಲ್ಯಾಶ್ ಹೊಡೆದಂಗ ಸಪಾಟ ಕಾಣ್ತದ, ಬಾಜೂಕ ಹೋಗಿ ಹಾಯಿಸ್ರಿ. ಕೈ ನಿಲ್ಲಿಸಬ್ಯಾಡ್ರಿ, ಗೋಡಿಗಿ ಸುಣ್ಣ ಬಳಿದಂಗ ಮ್ಯಾಲ ಕೆಳಗ ನಡೀತಿರ್ಲಿ, ನಿಂತಲ್ಲಿ ಕಲೆ ಕೂಡ್ತದ. ದೂರ ಎರಡು ಪಟ್ಟು ಆದ್ರ ಬೆಳಕು ನಾಕನೇ ಒಂದು ಭಾಗ ಆಗ್ತದ, ಹಂಗಾಗಿ ಹಿಂದಿನ ಗೋಡಿಗಿ ಹೆಚ್ಚು ಹೊತ್ತು ಕೊಡ್ರಿ, ಮುಂದಿನ ಕಟ್ಟಿಗಿ ಕಮ್ಮಿ. ಕಪ್ಪು ಅಂಗಿ ಹಾಕ್ಕೊಂಡು ನಡೀತಾ ಇದ್ರ ನೀವು ಫೋಟೋದಾಗ ಕಾಣಂಗಿಲ್ಲ, ಟಾರ್ಚಿನ ಬಾಯಿ ಕ್ಯಾಮೆರಾ ಕಡಿ ಹೊಳ್ಳಬಾರ್ದು ಅಷ್ಟೇ. ಮೊಬೈಲಿನ ಟಾರ್ಚ್ ಬೆಳ್ಳಗ ನೀಲಿ ಬೆಳಕು ಕೊಡ್ತದ, ಹಬ್ಬದ ಮನಿಗಿ ಒಪ್ಪಂಗಿಲ್ಲ, ಅದ್ರ ಮುಂದ ಹಳದಿ ಜಿಲೇಟಿನ್ ಪೇಪರ್ ಕಟ್ಟಿ ಹಾಯಿಸ್ರಿ. ಹೂವಿನ ಬೊಕ್ಕೆಗಿ ಸುತ್ತೋ ಕಾಗದನೂ ನಡಿತದ.

ಗಾಳಿಯಾಗ ಬರೆಯೋದು

1949ರಾಗ ಪಿಕಾಸೋ ಕತ್ತಲ ಕೋಣಿಯಾಗ ಕೈಯಾಗ ಸಣ್ಣ ಲೈಟ್ ಹಿಡಿದು ಗಾಳಿಯಾಗ ಚಿತ್ರ ಬರೆದ, ಲೈಫ್ ಪತ್ರಿಕಿಯ ಜಾನ್ ಮಿಲಿ ಅದನ್ನ ಫೋಟೋ ತೆಗೆದ, ಅದು ಜಗತ್ತಿಗೆಲ್ಲ ಗೊತ್ತಾಯ್ತು. ಹಬ್ಬದ ಓಣಿಯಾಗ ಇದನ್ನೇ ಸುರಸುರಬತ್ತಿಲಿಂದ ಮಾಡಬಹುದು, ಮಕ್ಕಳಿಗಿ ಇದಕ್ಕಿಂತ ಖುಷಿ ಬ್ಯಾರೆ ಇಲ್ಲ. ಕ್ಯಾಮೆರಾ ಕಡಿ ಮುಖ ಮಾಡಿ ಬರೆದ ಅಕ್ಷರ ಉಲ್ಟಾ ಬರ್ತದ, ಫೋಟೋ ಆಮ್ಯಾಲ ಹೊಳ್ಳಿಸಬಹುದು, ಆದ್ರ ಹಿಂದಿನ ಅಂಗಡಿ ಬೋರ್ಡೂ ಉಲ್ಟಾ ಆಗ್ತದ, ಹಂಗಾಗಿ ಬೋರ್ಡ್ ಇಲ್ಲದ ಜಾಗ ನೋಡ್ಕೊಳ್ರಿ. ನಮ್ಮ ಅಕ್ಷರ ಗುಂಡು ಗುಂಡು ಇರೋದಕ್ಕ ಬೆಳಕಿನ ಗೆರಿಯಾಗ ಭಾಳ ಚೆಂದ ಕಾಣ್ತಾವ, ಆದ್ರ ಒತ್ತಕ್ಷರ ಬಿಡಿಸಿ ಬರೀಬೇಕಂದ್ರ ನಡುವ ಬೆಳಕು ಮುಚ್ಚಬೇಕು, ಸುರಸುರಬತ್ತಿ ಮುಚ್ಚಲಾಕ ಬರಂಗಿಲ್ಲ, ಅದಕ್ಕ ಒತ್ತು ಇಲ್ಲದ ಸಣ್ಣ ಮಾತು ಆರಿಸ್ರಿ ಇಲ್ಲಾ ಸಣ್ಣ ಟಾರ್ಚ್ ಹಿಡಿದು ಹೆಬ್ಬೆಟ್ಟಿಲಿಂದ ಮುಚ್ಚಿ ತೆಗೀರಿ.

ಸುರಸುರಬತ್ತಿ ಸಣ್ಣದು ಅಂತ ಸಸಾರ ಮಾಡಬ್ಯಾಡ್ರಿ, ಅದ್ರ ಉರಿ 1000 ಡಿಗ್ರಿ ದಾಟ್ತದ, ಆರಿದ ಮ್ಯಾಲೂ ತಂತಿ ಸುಡ್ತಿರ್ತದ, ಬಾಜೂಕ ಒಂದು ಬಕೆಟ್ ನೀರು ಇರ್ಲಿ, ನೈಲಾನ್ ಬಟ್ಟಿ ಬ್ಯಾಡ. ಮತ್ತ ಆನ್‌ಲೈನ್ ವಿಡಿಯೋದಾಗ ಸ್ಟೀಲ್ ಉಣ್ಣೆಗಿ ಬೆಂಕಿ ಹಚ್ಚಿ ತಿರುಗಿಸ್ತಾರಲ್ಲ, ಓಣಿಯಾಗ ಅದನ್ನ ಮಾಡಲೇಬ್ಯಾಡ್ರಿ, ಕಿಡಿ ಭಾಳ ದೂರ ಹಾರ್ತಾವ, ಪೆಂಡಾಲ್ ಬಟ್ಟಿ ಇರ್ತದ, ಹಳ್ಳಿಯಾಗ ಮನಿ ಬಾಜೂಕೇ ಜೋಳದ ಕಣಕಿ ಬಣವಿ ಇರ್ತದ. ಈ ಮಾತಿನಾಗ ನಾ ಯಾವ ರಿಯಾಯಿತಿನೂ ಕೊಡಂಗಿಲ್ಲ.

ಮೊಬೈಲಾ ಕ್ಯಾಮೆರಾನಾ

ಮೊಬೈಲಿನ ನೈಟ್ ಮೋಡ್ ಇದಕ್ಕ ನಡಿಯಂಗಿಲ್ಲ. ಅದು ಸಣ್ಣ ಸಣ್ಣ ಫೋಟೋ ಭಾಳ ತೆಗೆದು ಒಂದರ ಮ್ಯಾಲ ಒಂದು ಕೂಡಿಸಿ, ಅಲ್ಲಾಡಿದ್ದನ್ನ ಆದಷ್ಟು ತೆಗೆದು ಹಾಕ್ತದ, ನಮಗ ಬೇಕಾಗಿರೋದೇ ಆ ಅಲ್ಲಾಡಿದ್ದು. ಪ್ರೋ ಮೋಡ್ ಇದ್ರ ಅದು, ಇಲ್ಲಾ ಲೈಟ್ ಟ್ರೇಲ್ ಅನ್ನೋ ಮೋಡ್ ಇದ್ರ ಅದು ಬಳಸ್ರಿ. ಐಫೋನಿನಾಗ ಲೈವ್ ಫೋಟೋ ತೆಗೆದು ಲಾಂಗ್ ಎಕ್ಸ್‌ಪೋಶರ್ ಮಾಡಬಹುದು, ಆದ್ರ ಅದು ಸುಮಾರು 3 ಸೆಕೆಂಡಿನ ಕೆಲಸ ಅಷ್ಟೇ, ಸುರಸುರಬತ್ತಿಯ ಒಂದು ಸುತ್ತಿಗಿ ಸಾಕು, ಗೋಡಿಗಿ ಟಾರ್ಚ್ ಹಾಯಿಸ್ಲಾಕ ಸಾಲಂಗಿಲ್ಲ.

ಮೊಬೈಲಿನ ನಿಜವಾದ ಕೊರತಿ ಬ್ಯಾರೆ. ಅದ್ರ ಲೆನ್ಸಿನ ಬಾಯಿ ಸಣ್ಣದು ಮಾಡಲಾಕ ಬರಂಗಿಲ್ಲ, ಬಹುತೇಕ ಎಫ್ 1.8ರ ಆಸುಪಾಸು ಇರ್ತದ. ಕ್ಯಾಮೆರಾದಾಗ ಎಫ್ 8 ಇಟ್ರ ಬರೋ ಬೆಳಕಿಗಿಂತ ಇದ್ರಾಗ ಸುಮಾರು 20 ಪಟ್ಟು ಹೆಚ್ಚು ಬೆಳಕು ನುಗ್ತದ. ಹಂಗಾಗಿ ಕ್ಯಾಮೆರಾದಾಗ 20 ಸೆಕೆಂಡ್ ತಡೆಯೋ ಓಣಿ ಮೊಬೈಲಿನಾಗ 1 ಸೆಕೆಂಡಿಗೇ ತುಂಬಿ ಹೋಗ್ತದ. ಮೊಬೈಲಿನೋರು ಐಎಸ್ಓ ಪೂರಾ ಕೆಳಗಿಳಿಸಿ, ಇನ್ನೂ ಜೋರಾದ್ರ ಲೆನ್ಸಿನ ಮುಂದ ಕಪ್ಪು ಕನ್ನಡಕದ ಗಾಜು ಹಿಡೀರಿ, ಬೆಳಕು ಕಮ್ಮಿ ಮಾಡೋ ಎನ್‌ಡಿ ಫಿಲ್ಟರಿನ ಕೆಲಸ ಅದು ಒಂದಿಷ್ಟು ಮಾಡ್ತದ. ಹಳೇ ಡಿಎಸ್ಎಲ್ಆರ್ ಸೆಕೆಂಡ್ ಹ್ಯಾಂಡ್ ಸಿಕ್ರ ಟಾರ್ಚಿನ ಕೆಲಸಕ್ಕ ಅದು ಹೊಸ ದೊಡ್ಡ ಮೊಬೈಲಿಗಿಂತ ಮುಂದ. ದುಡ್ಡು ಇದ್ದು ಹೊಸ ಕ್ಯಾಮೆರಾನೇ ತಗೋಳೋರು ಒಲಿಂಪಸ್ ಕ್ಯಾಮೆರಾದ ಲೈವ್ ಕಾಂಪೋಸಿಟ್ ಒಂದ್ಸಲ ನೋಡ್ರಿ, ಈಗ ಓಎಂ ಸಿಸ್ಟಮ್ ಅಂತ ಹೆಸರು. ಅದು ಮೊದಲ ಫ್ರೇಮಿಗಿಂತ ಹೊಸದಾಗಿ ಬಂದ ಬೆಳಕನ್ನಷ್ಟೇ ಕೂಡಿಸ್ತದ, ಹಂಗಾಗಿ ಸರ ಎಷ್ಟು ಹೊತ್ತು ಹತ್ತಿದ್ರೂ ಬೆಳ್ಳಗ ಹೊಡಿಯಂಗಿಲ್ಲ, ಸ್ವಿಚ್ ಹತ್ರ ಯಾರೂ ನಿಲ್ಲೋದೂ ಬ್ಯಾಡ.

ಟ್ರೈಪಾಡ್ ಇಲ್ಲಂದ್ರ ಇಟ್ಟಂಗಿ, ಕಾಂಪೌಂಡ್ ಗೋಡಿ, ಅಕ್ಕಿ ತುಂಬಿದ ಸಣ್ಣ ಚೀಲ ನಡಿತದ, ಬೈಕಿನ ಸೀಟ್ ಮ್ಯಾಲ ಇಡಬ್ಯಾಡ್ರಿ, ಅಲ್ಲಾಡ್ತದ. 2 ಸೆಕೆಂಡ್ ಟೈಮರ್ ಹಾಕ್ರಿ.

ಯಾವ ಹಬ್ಬಕ್ಕ ಯಾವ್ದು

ಹೊತ್ತು ಮುಣುಗಿದ ಮ್ಯಾಲ 20ರಿಂದ 35 ನಿಮಿಷದ ನಡು ಆಕಾಶ ಕಡು ನೀಲಿ ಇರ್ತದ, ಆ ಹೊತ್ತು ತಿರುಗಿಸೋದಕ್ಕ ಝೂಮಿಗಿ ಬಂಗಾರದಂಥಾದ್ದು, ಪೂರಾ ಕಪ್ಪಾದ ಮ್ಯಾಲ ಟಾರ್ಚ್. ಕಲಬುರಗಿಯಾಗ ನವೆಂಬರ್ ಶುರುವಿನಾಗ ಸೂರ್ಯ ಮುಣುಗೋದು ಸುಮಾರು 5.50ಕ್ಕ, ಕ್ರಿಸ್ಮಸ್ ಹೊತ್ತಿಗಿ 5.55ರ ಸುಮಾರು, ಏಪ್ರಿಲ್ 14ಕ್ಕ 6.40ರ ಸುಮಾರು.

ದೀಪಾವಳಿ ಅಮಾಸಿ, ಚಂದ್ರ ಇರಂಗಿಲ್ಲ, ವರ್ಷದಾಗ ಟಾರ್ಚ್ ಕೆಲಸಕ್ಕ ಇದಕ್ಕಿಂತ ಛಲೋ ರಾತ್ರಿ ಸಿಗಂಗಿಲ್ಲ. ಒಂದೇ ತ್ರಾಸು ಪಟಾಕಿ ಹೊಗಿ. ಸುಪ್ರೀಂ ಕೋರ್ಟ್ 2018ರಾಗ ದೀಪಾವಳಿ ಪಟಾಕಿಗಿ ರಾತ್ರಿ 8ರಿಂದ 10 ಅಂತ ಟೈಮ್ ಕೊಟ್ಟಾದ, ಅದಕ್ಕಿಂತ ಮೊದ್ಲೇ ಟಾರ್ಚ್ ಕೆಲಸ ಮುಗಿಸಿಕೊಳ್ಳೋದು ಬೇಷ್, ಹೊಗಿ ಕೂತ ಮ್ಯಾಲ ಟಾರ್ಚಿನ ಬೆಳಕು ಗೋಡಿ ಮುಟ್ಟೋದ್ರೊಳಗ ಗಾಳಿಯಾಗೇ ಚದುರತದ. ಅದಾದ ಹದಿನೈದು ದಿನಕ್ಕ ಕಾರ್ತಿಕ ಹುಣ್ಣಿಮಿ, ಗುರುನಾನಕ್ ಜಯಂತಿ, ಬೀದರದ ನಾನಕ್ ಝೀರಾ ಗುರುದ್ವಾರದ ಕಡಿ ಹೋಗೋರು ಲೆಕ್ಕ ಉಲ್ಟಾ ಮಾಡ್ಕೊಳ್ರಿ, ತುಂಬು ಚಂದ್ರ ಇರ್ತಾನ, ಅರ್ಧ ನಿಮಿಷ ಶಟರ್ ತೆಗೆದಿಟ್ರ ಆಕಾಶನೂ ಬೆಳಗಾಗ್ತದ, ಅಲ್ಲಿ ಸಣ್ಣ ಶಟರ್, ಬೆಳ್ಳನ ಗೋಡಿ, ತಿರುಗಿಸೋ ಕೆಲಸ. ಭಕ್ತರು ಕೈಮುಗಿದು ನಿಂತಲ್ಲಿ ಟ್ರೈಪಾಡ್ ಹಾಕಬ್ಯಾಡ್ರಿ, ಹೊರಗಿನ ರಸ್ತಿಲಿಂದ ತೆಗೀರಿ.

ಕ್ರಿಸ್ಮಸ್ಸಿಗಿ ಬೀದರದ ಮಂಗಲಪೇಟೆ ಕಡಿ ಮನಿ ಮುಂದ ತೂಗಬಿಡೋ ಕಾಗದದ ನಕ್ಷತ್ರ ಝೂಮಿಗೇ ಮೀಸಲು ಅನ್ನಬಹುದು, ಒಳಗ ಒಂದು ಬಲ್ಬ್, ನಡುವ ಒಂದು ಆಕಾರ, ಸುತ್ತ ಕತ್ತಲ. ಗಾಳಿ ಬೀಸಿ ನಕ್ಷತ್ರ ಅಲ್ಲಾಡ್ತಿದ್ರ ಒಂದು ಗಳಿಗಿ ತಡೀರಿ, ನಿಂತ ಮ್ಯಾಲ ಒತ್ರಿ, ಇಲ್ಲಂದ್ರ ಮೊದಲಿನ 2 ಸೆಕೆಂಡಿನಾಗೇ ಅಂಚು ಮಸಕಾಗ್ತದ.

ಕಲಬುರಗಿ ಜಗತ್ ಸರ್ಕಲ್‌ನಾಗ ಅಂಬೇಡ್ಕರ್ ಜಯಂತಿ ಸಂಜಿ, ಇಲ್ಲಾ ಖ್ವಾಜಾ ಬಂದೇ ನವಾಜ್ ದರ್ಗಾದ ಕಡಿ ಉರುಸಿನ ದಿನ, ಅಲ್ಲಿ ಮಂದಿ ಎಷ್ಟಿರ್ತಾರಂದ್ರ ಟ್ರೈಪಾಡ್ ಕಾಲು ಊರಲಾಕ ಜಾಗ ಇರಂಗಿಲ್ಲ, ಯಾರರ ಎಡವಿ ಬೀಳ್ತಾರ. ಅಲ್ಲಿ ಎಲ್ಲಾ ಬಿಟ್ಟು ಕೈಯಾಗೇ ಹಿಡಿದು 1 ಸೆಕೆಂಡ್ ಶಟರ್, ಕ್ಯಾಮೆರಾ ಪಟ್ಟಿ ಕೊಳ್ಳಾಗ ಬಿಗಿಯಾಗಿ ಎಳ್ಕೊಂಡು, ಅರ್ಧ ಸೆಕೆಂಡ್ ಉಸಿರು ಹಿಡಿದು ನಿಂತು ಉಳಿದ ಅರ್ಧ ಸೆಕೆಂಡ್ ಮುಂಗೈ ತಿರುಗಿಸ್ರಿ. ಮಂದಿ ಮುಖ ಗೆರಿಯೊಳಗ ಕರಗಿ ಹೋಗ್ತಾವ, ಯಾರ ಫೋಟೋನೂ ಕೇಳ್ದೆ ತೆಗೆದಂಗ ಆಗಂಗಿಲ್ಲ, ಮ್ಯಾಲಿನ ಕಮಾನಿನ ಲೈಟ್ ಮಾತ್ರ ಪೂರಾ ಬರ್ತದ.